ಕ್ಯಾಲ್ಸಿಟ್ರಿಯಾಲ್ ಹಾಕಿದರೂ ಕೋಶ ಸ್ಪಂದಿಸದಿದ್ದರೆ

ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ವಿಟಮಿನ್ ಡಿ ‘ಏನೂ ಮಾಡಲಿಲ್ಲ’ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವ ಮುನ್ನ ನಾನು ಮೂರು ವಿಷಯ ನೋಡುತ್ತೇನೆ. ಆ ಕೋಶದಲ್ಲಿ ವಿಟಮಿನ್ ಡಿ ಗ್ರಾಹಕ, ಅಂದರೆ ವಿಡಿಆರ್, ಇದೆಯೇ? ಹಾಕಿದ ಕ್ಯಾಲ್ಸಿಟ್ರಿಯಾಲ್, ಅಂದರೆ ವಿಟಮಿನ್ ಡಿಯ ಸಕ್ರಿಯ ರೂಪ, ಕೋಶದವರೆಗೆ ತಲುಪಿತೇ? ತಲುಪಿದ್ದು ಎಷ್ಟು ಹೊತ್ತು ಉಳಿಯಿತು? ಕೈಕೊಟ್ಟ ಪ್ರಯೋಗಗಳಲ್ಲಿ ಹೆಚ್ಚಿನವು ಇವುಗಳಲ್ಲೊಂದರಲ್ಲಿ ಸಿಕ್ಕಿಕೊಂಡಿರುತ್ತವೆ.

ಮೊದಲು ಕೋಶ. ಎಸ್‌ಡಬ್ಲ್ಯು480 ಎಂಬ, ಕರುಳಿನ ಗಡ್ಡೆಯಿಂದ ಬಂದ ಕೋಶವಂಶದ ಬಾಟಲಿಯಲ್ಲಿ ಒಂದೇ ಬಗೆಯ ಕೋಶ ಇರುವುದಿಲ್ಲ. ಅದರಿಂದ ಬೇರ್ಪಡಿಸಿದ ಎಡಿಎಚ್ ಎಂಬ ಉಪವಂಶದಲ್ಲಿ ವಿಡಿಆರ್ ಸಾಕಷ್ಟಿದೆ. ಆರ್ ಎಂಬುದರಲ್ಲಿ ಅತಿ ಕಡಿಮೆ. ಅದೇ ರೋಗಿಯ ದುಗ್ಧಗ್ರಂಥಿಗೆ ಹರಡಿದ ಗಡ್ಡೆಯಿಂದ ಬಂದ ಎಸ್‌ಡಬ್ಲ್ಯು620ರಲ್ಲೂ ವಿಡಿಆರ್ ಕಡಿಮೆ, ಹಾಗಾಗಿ ಅದನ್ನು ಸ್ಪಂದಿಸದ ಹೋಲಿಕೆಯಾಗಿ ಇಟ್ಟುಕೊಳ್ಳಬಹುದು. ಸ್ನೇಲ್ ಎಂಬ ಪ್ರೋಟೀನ್ ವಿಡಿಆರ್ ಜೀನನ್ನೇ ಅದುಮಿಡುತ್ತದೆ. ಆದ್ದರಿಂದ ಹೊಸ ಕೋಶವಂಶ ಬಂದಾಗ ಎರಡನ್ನೂ ಒಟ್ಟಿಗೇ ಅಳೆಯುತ್ತೇನೆ. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ವಿಡಿಆರ್ ಪಟ್ಟಿ 48–50 ಕಿಲೊಡಾಲ್ಟನ್ ಹತ್ತಿರ ಬರಬೇಕು. ಇದಕ್ಕೆ ಡಿ-6 ಪ್ರತಿಕಾಯವನ್ನು ನಂಬಬಹುದು; ಹಳೆಯ ಕೆಲವು ಪ್ರತಿಕಾಯಗಳು ವಿಡಿಆರ್ ಇಲ್ಲದ ಕಡೆಯೂ ಪಟ್ಟಿ ತೋರಿಸುತ್ತವೆ. ಇನ್ನೊಂದು ಮಾತು: ಕ್ಯಾಲ್ಸಿಟ್ರಿಯಾಲ್ ಅಂಟಿದ ವಿಡಿಆರ್ ಬೇಗ ಒಡೆಯುವುದಿಲ್ಲ, ಪ್ರೋಟೀನ್ ಮಟ್ಟ ಏರಿದಂತೆ ಕಾಣುತ್ತದೆ. ಅದನ್ನು ನೋಡಿ ಜೀನ್ ಚುರುಕಾಯಿತು ಎಂದುಬಿಡಬಾರದು.

ಎಸ್‌ಡಬ್ಲ್ಯು480ನ್ನು ಎಲ್-15 ಎಂಬ ಮಾಧ್ಯಮದಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) ಬೆಳೆಸುವವರು ಆ ಮಾಧ್ಯಮ ಗಾಳಿಗೆ ಹೊಂದುವಂತೆ ತಯಾರಾದದ್ದು ಎಂಬುದನ್ನು ಮರೆಯಬಾರದು. 5% ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಮುಚ್ಚಳ ಸಡಿಲಿಸಿಟ್ಟರೆ ಅದು ಹುಳಿಯಾಗಿ ಹಳದಿಗೆ ತಿರುಗುತ್ತದೆ.

ಇನ್ನು ಕ್ಯಾಲ್ಸಿಟ್ರಿಯಾಲ್. ಅಣುತೂಕ 416.6. 10 ಮೈಕ್ರೊಗ್ರಾಂ ಶೀಷೆಗೆ 240 ಮೈಕ್ರೊಲೀಟರ್ ಶುದ್ಧ ಎಥನಾಲ್ ಹಾಕಿದರೆ 100 ಮೈಕ್ರೊಮೋಲಾರ್ ದ್ರಾವಣ. ಕಂದು ಗಾಜಿನ ಪುಟ್ಟ ಶೀಷೆಗಳಿಗೆ ಹಂಚಿ, ಸಾಧ್ಯವಾದರೆ ಆರ್ಗಾನ್ ಊದಿ, -20 ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ತಣ್ಣಗೆ ಇಡುತ್ತೇನೆ. ಬೆಳಕು ಮತ್ತು ಆಮ್ಲಜನಕ ಇದರ ಶತ್ರುಗಳು. ಎಥನಾಲ್ ಆರಿಹೋಗಿ ಸಾಂದ್ರತೆ ಸದ್ದಿಲ್ಲದೆ ಏರುವುದು ಮೂರನೆಯ ಕಾಟ. ತಿಂಗಳುಗಟ್ಟಲೆ ಇಟ್ಟದ್ದನ್ನು ಅಳೆಯದೆ ಬಳಸುವುದಿಲ್ಲ. ಹತ್ತು ಪಟ್ಟು ತೆಳುಮಾಡಿ ಕ್ವಾರ್ಟ್ಸ್ ಕ್ಯುವೆಟ್‌ನಲ್ಲಿ 265 ನ್ಯಾನೊಮೀಟರ್‌ಗೆ ಬೆಳಕಿನ ಹೀರಿಕೆ ಓದಿದರೆ ಸುಮಾರು 0.18 ಬರಬೇಕು. 228ರ ಹತ್ತಿರದ ತಗ್ಗನ್ನೂ ಓದುತ್ತೇನೆ. 265ರ ಅಂಕಿಯನ್ನು 228ರದ್ದರಿಂದ ಭಾಗಿಸಿದಾಗ 1.5ಕ್ಕಿಂತ ಕೆಳಗೆ ಬಂದರೆ ಆ ಶೀಷೆ ಕಸದ ಬುಟ್ಟಿಗೆ.

ಒಂದು ಮಿಲಿಲೀಟರ್ ಮಾಧ್ಯಮಕ್ಕೆ ಈ ದ್ರಾವಣ ಒಂದು ಮೈಕ್ರೊಲೀಟರ್ ಹಾಕಿದರೆ 100 ನ್ಯಾನೊಮೋಲಾರ್, ಎಥನಾಲ್ 0.1%. ಕಡಿಮೆ ಪ್ರಮಾಣ ಬೇಕಾದರೆ ಮಾಧ್ಯಮದಲ್ಲಿ ತೆಳುಮಾಡದೆ ಎಥನಾಲ್‌ನಲ್ಲೇ 10 ಮತ್ತು 1 ಮೈಕ್ರೊಮೋಲಾರ್ ಮಾಡಿಕೊಳ್ಳಬೇಕು. ಆಗ ತಟ್ಟೆಯ ಎಲ್ಲ ಬಾವಿಗಳಿಗೂ (ಕೋಶ ಬೆಳೆಸುವ ಗುಳಿಗಳು), ಬರೀ ಎಥನಾಲ್ ಬಾವಿಗೂ, ಅಷ್ಟೇ ಎಥನಾಲ್ ಬೀಳುತ್ತದೆ. ಇನ್ನೊಂದು ಕಾರಣವೂ ಇದೆ: ಇದು ಕೊಬ್ಬಿನಂಥ ಅಣು, ನೀರಿನಂಥ ದ್ರಾವಣದಲ್ಲಿ ತೆಳ್ಳಗೆ ಬಿಟ್ಟರೆ ಪ್ಲಾಸ್ಟಿಕ್ ಗೋಡೆಗೆ ಹತ್ತಿಕೊಳ್ಳುತ್ತದೆ. ಬಾವಿಯೊಳಗೆ ನೇರವಾಗಿ ತೊಟ್ಟಿಕ್ಕಿಸುವುದೂ ಬೇಡ. ಬೆಚ್ಚಗಿನ ಮಾಧ್ಯಮದಲ್ಲಿ ಕಲಸಿ, ಕೂಡಲೇ ಹಾಕಬೇಕು.

ಸೀರಮ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಸೀರಮ್‌ನಲ್ಲಿ ಅದರದ್ದೇ ವಿಟಮಿನ್ ಡಿ ರೂಪಗಳಿರುತ್ತವೆ, ಜೊತೆಗೆ ಅವನ್ನು ಹಿಡಿದಿಡುವ ಪ್ರೋಟೀನ್ ಬೇರೆ. ಇದ್ದಿಲಿನಲ್ಲಿ ಸೋಸಿದ ಸೀರಮ್ ಬಳಸಿದರೆ ಮೊದಲನೆಯ ತೊಂದರೆ ಬಹುಮಟ್ಟಿಗೆ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ. ಒಂದು ಪ್ರಯೋಗಮಾಲೆ ಮುಗಿಯುವವರೆಗೆ ಸೀರಮ್ ಲಾಟ್ ಬದಲಿಸುವುದಿಲ್ಲ.

ಆರು ಬಾವಿಯ ತಟ್ಟೆಗೆ ಬಾವಿಗೊಂದು ಲಕ್ಷ ಕೋಶ, ಮರುದಿನ ಔಷಧಿ. ಕೋಶಗಳು ಒತ್ತೊತ್ತಾಗಿ ತುಂಬಿಕೊಂಡರೆ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಪ್ರೋಟೀನ್ ತಾನಾಗಿಯೇ ಏರುತ್ತದೆ. ಕ್ಯಾಕೊ-2 ಎಂಬ ಇನ್ನೊಂದು ಕರುಳು-ಕ್ಯಾನ್ಸರ್ ಕೋಶವಂಶ ಅಂತೂ ತುಂಬಿದ ಮೇಲೆ ಸ್ವತಃ ಪಕ್ವವಾಗುತ್ತದೆ. ದಟ್ಟಣೆ ಸಮ ಇರದ ಬಾವಿಗಳನ್ನು ಹೋಲಿಸಿದರೆ ಅಳೆದದ್ದು ವಿಟಮಿನ್ ಡಿ ಅಲ್ಲ, ಜನಸಂದಣಿ.

ಸಂಕೇತ ತಲುಪಿತೇ ಎಂಬುದಕ್ಕೆ ನಾನು ಮೊದಲು ನೋಡುವುದು ಸಿವೈಪಿ24ಎ1 ಜೀನ್. ವಿಡಿಆರ್–ಆರ್‌ಎಕ್ಸ್‌ಆರ್ ಎಂಬ ಗ್ರಾಹಕಗಳ ಜೋಡಿ ಅದರ ಪ್ರಮೋಟರಿನಲ್ಲಿ, ಅಂದರೆ ಜೀನನ್ನು ಚಾಲೂ ಮಾಡುವ ಜಾಗದಲ್ಲಿ, ಕುಳಿತರೆ ಕೆಲವೇ ಗಂಟೆಗಳಲ್ಲಿ ಎಂಆರ್‌ಎನ್‌ಎ ಜಿಗಿಯುತ್ತದೆ. 6 ಮತ್ತು 24 ಗಂಟೆಗೆ ತೆಗೆದರೆ ಸಾಕು. ಎಥನಾಲ್ ಬಾವಿಯಲ್ಲಿ ಸಿಟಿ ಅಂಕಿ (ಜೀನಿನ ಗುರುತು ಕಾಣಿಸಲು ಬೇಕಾದ ಪಿಸಿಆರ್ ಸುತ್ತುಗಳು) 36ರ ಆಚೆ ಇದ್ದರೆ ‘5000 ಪಟ್ಟು ಏರಿಕೆ’ ಎಂದು ಬರೆಯಬೇಡಿ. ಎಥನಾಲ್ ಬಾವಿಯ ಅಂಕಿ ಬರೀ ಗದ್ದಲ, ಅದರಿಂದ ಭಾಗಿಸಿ ಬಂದ ಸಂಖ್ಯೆ ಪ್ರತಿ ಸಲ ಬೇರೆ.

ಅದೇ ಜೀನ್ ಕಂಟಕವೂ ಹೌದು. ಅದು ತಯಾರಿಸುವ ಕಿಣ್ವ ಕ್ಯಾಲ್ಸಿಟ್ರಿಯಾಲನ್ನೇ ಕತ್ತರಿಸುತ್ತದೆ. ಸೋಮವಾರ ಒಮ್ಮೆ ಹಾಕಿ ಗುರುವಾರ ಓದಿದರೆ, ಕೊನೆಯ ಹೊತ್ತಿಗೆ ಕೋಶದೆದುರು ಎಷ್ಟು ಉಳಿದಿತ್ತೋ ಹೇಳಲಾಗದು. 48 ಗಂಟೆ ಮೀರುವ ಪ್ರಯೋಗದಲ್ಲಿ ಮಾಧ್ಯಮ, ಔಷಧಿ ಎರಡನ್ನೂ ದಿನ ಬಿಟ್ಟು ದಿನ ಹೊಸದು ಹಾಕುತ್ತೇನೆ. ಬೆಳವಣಿಗೆ ಅಳೆಯುವಾಗ ಇದು ಎದ್ದು ಕಾಣುತ್ತದೆ. ಕ್ಯಾಲ್ಸಿಟ್ರಿಯಾಲ್ ಕೋಶಗಳನ್ನು ಮುಖ್ಯವಾಗಿ ನಿಧಾನಿಸುತ್ತದೆ, ಒಮ್ಮೆಲೇ ಕೊಲ್ಲುವುದಿಲ್ಲ. 24 ಗಂಟೆಯ ಎಂಟಿಟಿಯಲ್ಲಿ (ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ವ್ಯತ್ಯಾಸ ಹುಡುಕಿದರೆ ನಿರಾಸೆಯೇ. ಕಡಿಮೆ ಕೋಶ ಹಾಕಿ 4ರಿಂದ 6 ದಿನ ಬಿಟ್ಟು ಎಣಿಸಬೇಕು.

ಕೋಶವನ್ನು ಬೆಳೆಯುವಂತೆ ಮಾಡುವ ವಿಂಟ್ ಸಂಕೇತವನ್ನು ನ್ಯೂಕ್ಲಿಯಸ್ಸಿಗೆ ಒಯ್ಯುವ ಪ್ರೋಟೀನ್, ಬೀಟಾ-ಕ್ಯಾಟೆನಿನ್, ವಿಚಾರದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಇಡೀ ಕೋಶ ಅರೆದು ಬ್ಲಾಟ್ ಓಡಿಸಿ ಪಟ್ಟಿ ಇಳಿಯಲಿ ಎಂದು ಕಾಯುವುದು. ಎಸ್‌ಡಬ್ಲ್ಯು480ರಲ್ಲಿ ಎಪಿಸಿ ಪ್ರೋಟೀನ್ ತುಂಡಾಗಿರುವುದರಿಂದ ಬೀಟಾ-ಕ್ಯಾಟೆನಿನ್ ಒಡೆಯುವ ವ್ಯವಸ್ಥೆ ಮೊದಲೇ ಕುಂಟು. ಇಲ್ಲಿ ಬದಲಾಗುವುದು ಪ್ರೋಟೀನಿನ ಮೊತ್ತಕ್ಕಿಂತ ಅದರ ಜಾಗ. ಮೊದಲು ವಿಡಿಆರ್ ಬೀಟಾ-ಕ್ಯಾಟೆನಿನನ್ನು ಹಿಡಿದು, ಅದರ ಜೊತೆ ಸೇರಿ ಜೀನ್ ಚಾಲೂ ಮಾಡುವ ಟಿಸಿಎಫ್4ರಿಂದ ಬಿಡಿಸುತ್ತದೆ. ಆಮೇಲೆ ಇ-ಕ್ಯಾಡ್ಹೆರಿನ್ ಹೆಚ್ಚಿ, ಬೀಟಾ-ಕ್ಯಾಟೆನಿನ್ ನ್ಯೂಕ್ಲಿಯಸ್ಸಿನಿಂದ ಕೋಶದಂಚಿಗೆ ಸರಿಯುತ್ತದೆ. 2001ರಲ್ಲಿ ಮ್ಯಾಡ್ರಿಡ್‌ನ ತಂಡ ಎಡಿಎಚ್ ಕೋಶಗಳಲ್ಲೇ ಈ ಎರಡು ಹೆಜ್ಜೆ ತೋರಿಸಿತು. ಹಾಗಾಗಿ 48 ಗಂಟೆಗೆ ಕವರ್‌ಸ್ಲಿಪ್ ಮೇಲೆ ಬಣ್ಣಹಾಕಿ ನೋಡುವುದೇ ನೇರ ದಾರಿ. ಚೆಲ್ಲಾಪಿಲ್ಲಿಯಾಗಿದ್ದ ಕೋಶಗಳು ಒತ್ತಾದ ದ್ವೀಪಗಳಾಗಿ, ನಡುನಡುವೆ ಹೊಳೆಯುವ ಗೆರೆಗಳು ಕಂಡರೆ ಕೆಲಸ ಆಗಿದೆ. ಜೊತೆಗೆ ವಿಂಟ್ ಸಂಕೇತಕ್ಕೆ ಬೆಳಕು ಕೊಡುವ ಟಾಪ್‌ಫ್ಲ್ಯಾಶ್ ಓದುವಾಗ, ಟಿಸಿಎಫ್ ಅಂಟುವ ಜಾಗ ಕೆಡಿಸಿದ ಫಾಪ್‌ಫ್ಲ್ಯಾಶ್ ಬಾವಿಯನ್ನು ಬಿಡಬಾರದು, ಇಳಿಕೆ ಎರಡರಲ್ಲೂ ಇದ್ದರೆ ಅದು ವಿಂಟ್ ಸಂಕೇತದ ಇಳಿಕೆಯಲ್ಲ.

ಪ್ರಮಾಣದ ಬಗ್ಗೆ ಒಂದು ಎಚ್ಚರ. ರಕ್ತದಲ್ಲಿ ಕ್ಯಾಲ್ಸಿಟ್ರಿಯಾಲ್ ಇರುವುದು ಸುಮಾರು 50ರಿಂದ 150 ಪಿಕೊಮೋಲಾರ್. ನಾವು ಹಾಕುವ 100 ನ್ಯಾನೊಮೋಲಾರ್ ಅದರ ಸಾವಿರ ಪಟ್ಟಿನ ಆಸುಪಾಸು. ತಟ್ಟೆಯ ಫಲಿತಾಂಶವನ್ನು ಮಾತ್ರೆಗೆ ಹೊಂದಿಸಲಾಗದು: 25,871 ಜನರಿಗೆ ನಡೆದ ವೈಟಲ್ ಪರೀಕ್ಷೆಯಲ್ಲಿ ದಿನಕ್ಕೆ 2000 ಐಯು ವಿಟಮಿನ್ ಡಿ ಕೊಟ್ಟರೂ ಕ್ಯಾನ್ಸರ್ ಬರುವ ಪ್ರಮಾಣ ಇಳಿಯಲಿಲ್ಲ ಎಂದು 2019ರಲ್ಲಿ ಪ್ರಕಟವಾಯಿತು. ಹಾಗಾಗಿ ಪ್ರತಿ ಕೋಶವಂಶಕ್ಕೂ 1, 10, 100 ನ್ಯಾನೊಮೋಲಾರ್ ಮೂರನ್ನೂ ಓಡಿಸುತ್ತೇನೆ. 100ಕ್ಕೆ ಮಾತ್ರ ಸ್ಪಂದನೆ ಬಂದಿದ್ದರೆ ಆ ಮಾತನ್ನು ಚಿತ್ರದ ಅಡಿಬರಹದಲ್ಲೇ ಹಾಕುತ್ತೇನೆ.