ಹೊಸ ಸರ್ವರ್ ಆನ್ ಮಾಡಿದ ತಕ್ಷಣ ಮಾಡ್ಬೇಕಾದ ಕೆಲಸ

ಪಬ್ಲಿಕ್ ಐಪಿ ಸಿಕ್ಕಿ ಸ್ವಲ್ಪ ಹೊತ್ತಿಗೇ ಪೋರ್ಟ್ 22ಕ್ಕೆ (ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ಎಸ್‌ಎಸ್‌ಎಚ್‌ನ ಪೋರ್ಟ್) ಬಾಟ್‌ಗಳು, ಅಂದ್ರೆ ತಾವಾಗೇ ಓಡೋ ಪ್ರೋಗ್ರಾಂಗಳು, ಬಂದು ಪಾಸ್‌ವರ್ಡ್ ಟ್ರೈ ಮಾಡೋಕೆ ಶುರು ಮಾಡ್ತವೆ, ಲಾಗ್ ತೆಗೆದು ನೋಡಿ ಬೇಕಿದ್ರೆ. ಅದಕ್ಕೇ, ಮೊದಲು ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸೋ ಕೀ ಫೈಲ್) ಹಾಕಿ, ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ, ಆದ್ರೆ ಹಳೇ ಸೆಷನ್ ಮಾತ್ರ ಕ್ಲೋಸ್ ಮಾಡ್ಲೇಬೇಡಿ, ಇನ್ನೊಂದು ಟರ್ಮಿನಲ್‌ನಲ್ಲಿ ಕೀ ಇಂದ ಲಾಗಿನ್ ಆಗುತ್ತಾ ಅಂತ ನೋಡ್ಕೊಳ್ಳಿ. ನಾನೊಂದ್ಸಲ 22 ಅಲೋ ಮಾಡದೇನೇ ಫೈರ್‌ವಾಲ್ (ಯಾವ ಪೋರ್ಟ್‌ಗೆ ಟ್ರಾಫಿಕ್ ಬಿಡ್ಬೇಕು, ಯಾವುದಕ್ಕೆ ಬಿಡಬಾರ್ದು ಅಂತ ನೋಡೋ ವ್ಯವಸ್ಥೆ) ಆನ್ ಮಾಡಿಬಿಟ್ಟೆ, ಆಮೇಲೆ ಸರ್ವರ್ ಕೊಟ್ಟ ಕಂಪನಿಯ ಕನ್ಸೋಲ್ ಇಂದಾನೇ ಒಳಗೆ ಹೋಗ್ಬೇಕಾಯ್ತು.

ಫೈರ್‌ವಾಲ್‌ನಲ್ಲಿ ಒಳಗೆ ಬರೋ ಟ್ರಾಫಿಕ್ ಎಲ್ಲಾ ಡಿನೈ, ವೆಬ್‌ಸೈಟ್ ಇದ್ರೆ 22 ಜೊತೆ 80, 443 ಅಷ್ಟೇ ಓಪನ್. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ 3306 ಪೋರ್ಟ್ 0.0.0.0 (ಸರ್ವರ್‌ನ ಎಲ್ಲಾ ಅಡ್ರೆಸ್) ಮೇಲೆ ಕೇಳ್ತಿದ್ರೆ 127.0.0.1ಕ್ಕೆ (ಅದೇ ಸರ್ವರ್ ಒಳಗಿಂದ ಮಾತ್ರ) ಬದಲಾಯಿಸಿ. ಡಾಕರ್ (ಆ್ಯಪ್‌ಗಳನ್ನ ಕಂಟೇನರ್‌ನಲ್ಲಿ ಓಡಿಸೋ ಟೂಲ್) ಬಳಸೋರು ಇದನ್ನ ಮರೀಬೇಡಿ, ಅದು ಪಬ್ಲಿಷ್ ಮಾಡಿದ ಪೋರ್ಟ್‌ಗೆ ಯುಎಫ್‌ಡಬ್ಲ್ಯೂ (ಲಿನಕ್ಸ್‌ನ ಫೈರ್‌ವಾಲ್ ಟೂಲ್) ರೂಲ್ಸ್ ಅನ್ವಯಿಸಲ್ಲ, ಹಾಗಾಗಿ ಹೊರಗಿನ ಬೇರೆ ಮಷಿನ್ ಇಂದ ಎನ್‌ಮ್ಯಾಪ್ (ಓಪನ್ ಇರೋ ಪೋರ್ಟ್ ಹುಡುಕೋ ಟೂಲ್) ಓಡಿಸಿ ಚೆಕ್ ಮಾಡಿ.