ಗೇಮ್ ಓಡುವುದು ಮುಂಬೈಯಲ್ಲಿ, ಆಡುವುದು ಧಾರವಾಡದಲ್ಲಿ

ಗೇಮನ್ನು ದೂರದ ಸರ್ವರಿನಲ್ಲಿ ಓಡಿಸಿ ಅದರ ಚಿತ್ರವನ್ನಷ್ಟೇ ಇಂಟರ್‌ನೆಟ್ ಮೂಲಕ ನಮ್ಮ ಪರದೆಗೆ ಕಳಿಸುವ ಗೂಗಲ್‌ನ ಸೇವೆ ಸ್ಟೇಡಿಯಾ 2019ರ ನವೆಂಬರಿನಲ್ಲಿ ಆರಂಭವಾದಾಗ ಅದು ಭಾರತಕ್ಕೂ ಬಂದೀತೆಂದು ಕಾದವರಲ್ಲಿ ನಾನೂ ಒಬ್ಬ. ಅದು ಬರಲೇ ಇಲ್ಲ. 2023ರ ಜನವರಿಯಲ್ಲಿ ಮುಚ್ಚಿಯೂ ಹೋಯಿತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಹಣವನ್ನು ಒಟ್ಟಿಗೆ ಹೊಂದಿಸಲಾಗದ ನಾನು, ಅಂಥದೇ ವ್ಯವಸ್ಥೆಯನ್ನು ನನ್ನ ಮಟ್ಟಿಗೆ ಕಟ್ಟಿಕೊಳ್ಳಲು ಹೊರಟೆ.

ಮುಂಬೈಯ ಡೇಟಾ ಸೆಂಟರೊಂದರಲ್ಲಿ ಎನ್‌ವಿಡಿಯಾ ಟಿ4 ಗ್ರಾಫಿಕ್ಸ್ ಕಾರ್ಡಿರುವ ವಿಂಡೋಸ್ ಸರ್ವರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದೆ. ಅದರಲ್ಲಿ ಗೇಮಿನ ಚಿತ್ರ ಕಳಿಸುವ ಸನ್‌ಶೈನ್, ಧಾರವಾಡದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಪಡೆದು ತೋರಿಸುವ ಮೂನ್‌ಲೈಟ್; ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಸರ್ವರಿಗೆ ಮಾನಿಟರ್ ಇಲ್ಲದ್ದರಿಂದ ಮಾನಿಟರ್ ಇದೆಯೆಂದು ಅದನ್ನು ನಂಬಿಸುವ ವರ್ಚುವಲ್ ಡಿಸ್‌ಪ್ಲೇ ಡ್ರೈವರ್ ಹಾಕಬೇಕಾಯಿತು. ನಾನು ಗುಂಡಿ ಒತ್ತಿದ್ದು ಮುಂಬೈಗೆ ತಲುಪಿ, ಅಲ್ಲಿ ಚಿತ್ರ ಸಿದ್ಧವಾಗಿ, ವಿಡಿಯೊ ಆಗಿ ಕುಗ್ಗಿ, ಮರಳಿ ಬಂದು ನನ್ನ ಪರದೆಯ ಮೇಲೆ ಮೂಡಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಪ್ರತಿ 16.7 ಮಿಲಿಸೆಕೆಂಡಿಗೊಂದು ಹೊಸ ಚಿತ್ರ ತಪ್ಪದೆ ಬರುತ್ತಿರಬೇಕು.

ಮೊದಲ ರಾತ್ರಿ ಕಾರ್ ರೇಸ್ ಆಡಿದಾಗ, ನಾನು ಎಡಕ್ಕೆ ಒತ್ತಿ ಕಾರು ಹೊರಳುವಷ್ಟರಲ್ಲಿ ತಿರುವೇ ದಾಟಿಹೋಗಿರುತ್ತಿತ್ತು. ದೂರವೇ ಕಾರಣವೆಂದುಕೊಂಡು, ಹೆಚ್ಚು ವೇಗದ ಇಂಟರ್‌ನೆಟ್ ಪ್ಲಾನಿಗೆ ಹಣ ಕಟ್ಟಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಮುಂಬೈಯನ್ನು ಬಿಟ್ಟು ಪಕ್ಕದ ಕೋಣೆಯ ರೌಟರಿಗೇ ಪಿಂಗ್ (ಹೋಗಿ ಬರುವ ಸಮಯ ಅಳೆಯುವ ಪುಟ್ಟ ಸಂದೇಶ) ಕಳಿಸಿ ನೋಡಿದೆ. ಒಮ್ಮೆ 3 ಮಿಲಿಸೆಕೆಂಡ್, ಮರುಕ್ಷಣ 80! ಅಡುಗೆಮನೆಯಲ್ಲಿ ಮೈಕ್ರೋವೇವ್ ಹಚ್ಚಿದರಂತೂ ಚಿತ್ರವೆಲ್ಲ ಚೌಕ ಚೌಕವಾಗಿ ಒಡೆಯುತ್ತಿತ್ತು, ಏಕೆಂದರೆ ನನ್ನ ವೈಫೈ ಓಡುತ್ತಿದ್ದುದು ಆ ಒಲೆಯದೇ 2.4 ಗಿಗಾಹರ್ಟ್ಸ್ ಆವರ್ತನದಲ್ಲಿ. ಗೋಡೆಯಂಚಿನಲ್ಲಿ 15 ಮೀಟರ್ ಲ್ಯಾನ್ ಕೇಬಲ್ ಎಳೆದ ಮೇಲೆ ರೌಟರಿನ ಪಿಂಗ್ 1 ಮಿಲಿಸೆಕೆಂಡಿನಲ್ಲೂ, ಮುಂಬೈಯದು 30ರ ಆಸುಪಾಸಿನಲ್ಲೂ ನಿಂತಿತು. ಈ ಕೆಲಸದಲ್ಲಿ ವೇಗಕ್ಕಿಂತ ಸ್ಥಿರತೆಯೇ ಮುಖ್ಯವೆಂದು ನನಗೆ ಮನವರಿಕೆಯಾದದ್ದು ಆ ಸಂಜೆ.

ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಹರಿದುಬರುವ ವಿಡಿಯೊ ಡೇಟಾದ ಪ್ರಮಾಣವನ್ನು, 20 ಎಂಬಿಪಿಎಸ್‌ಗೆ (ಸೆಕೆಂಡಿಗೆ 20 ಮೆಗಾಬಿಟ್) ಇಟ್ಟಿದ್ದೇನೆ. ಗಂಟೆಗೆ ಸುಮಾರು 9 ಜಿಬಿ ಖರ್ಚಾಗುವುದರಿಂದ ಮೊಬೈಲ್ ಡೇಟಾದಲ್ಲಿ ಆಡುವ ಆಸೆ ಬಿಟ್ಟಿದ್ದೇನೆ. ಸರ್ವರ್ ನಿಲ್ಲಿಸಿದರೂ ಡಿಸ್ಕಿನ ಬಾಡಿಗೆ ಏರುತ್ತಲೇ ಇರುತ್ತದೆ. ಇದು ನನಗೆ ತಿಳಿದದ್ದು ಮೊದಲ ಬಿಲ್ ಬಂದಾಗ. ಅರ್ಧ ಗಂಟೆ ಯಾರೂ ಆಡದಿದ್ದರೆ ಯಂತ್ರ ತಾನೇ ಬಂದಾಗುವಂತೆ ಅಂದೇ ಒಂದು ಸ್ಕ್ರಿಪ್ಟ್ ಬರೆದಿಟ್ಟೆ.

ಕ್ಷಣಾರ್ಧದಲ್ಲಿ ಗುರಿಯಿಟ್ಟು ಹೊಡೆಯಬೇಕಾದ ಶೂಟಿಂಗ್ ಗೇಮ್‌ಗಳನ್ನು ಈಗಲೂ ಇದರಲ್ಲಿ ಆಡುವುದಿಲ್ಲ. ಕಾರ್ ರೇಸಿನಲ್ಲಿ ಮಾತ್ರ ತಿರುವಿಗೆ ತುಸು ಮುಂಚೆಯೇ ಬ್ರೇಕ್ ಹಿಡಿಯುವುದು ಬೆರಳಿಗೆ ರೂಢಿಯಾಗಿದೆ.