ಹಲಸಿನ ರೆಚ್ಚೆ ಮತ್ತು ನನ್ನ ಎರೆಹುಳಗಳು

ಅಡುಗೆಮನೆ ಕಸದಿಂದ ಗೊಬ್ಬರ ಮಾಡೋಣ ಅಂತ ಮೊದಲ ಸಲ ಬಾಳೆಬುಡ ಅಗೆದು ಎರೆಹುಳ ಹಿಡಿದಿದ್ದೆ. ತುಳುವಿನಲ್ಲಿ ನಕ್ಕುರು ಅಂತೇವಲ್ಲ, ಅದೇ. ಬಕೆಟ್ಟಿಗೆ ಹಾಕಿ ಮೇಲಿಂದ ತರಕಾರಿ ಸಿಪ್ಪೆ ಮುಚ್ಚಿದೆ. ವಾರ ಕಳೆದು ನೋಡಿದರೆ ಒಂದೂ ಇಲ್ಲ. ಆಳದಲ್ಲಿರುವ ಆ ಹುಳಗಳಿಗೆ ಮಣ್ಣು ಬೇಕು, ಕಸದ ರಾಶಿಯಲ್ಲಿ ಅವು ನಿಲ್ಲುವುದಿಲ್ಲ. ಗೊಬ್ಬರಕ್ಕೆ ಬೇಕಾದದ್ದು ಮೇಲ್ಮೇಲೆ ಇದ್ದು ಕೊಳೆತದ್ದನ್ನು ತಿನ್ನುವ ಜಾತಿ. ಆಮೇಲೆ ಕಾರ್ಕಳದ ಕಡೆಯ ಪರಿಚಯದವರ ತೋಟದಿಂದ ಅರ್ಧ ಕಿಲೋ ಯೂಡ್ರಿಲಸ್ ತಂದೆ. ಆಫ್ರಿಕಾ ಮೂಲದ ಹುಳ, ಸೆಖೆ ತಡೆದುಕೊಳ್ಳುತ್ತದೆ.

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮದು ಐದು ಸೆಂಟ್ಸ್ ಜಾಗ. ಒಡೆದ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಅಡಿಗೆ ತೂತು ಕೊರೆದು, ಬಚ್ಚಲಿನ ಪಕ್ಕ ನೆರಳಲ್ಲಿ ಸ್ಟೂಲಿನ ಮೇಲಿಟ್ಟೆ. ಒಳಗೆ ತೆಂಗಿನ ಸಿಪ್ಪೆ, ಅದರ ಮೇಲೆ ತಿಂಗಳು ಹಳೆಯದಾದ ಸೆಗಣಿ. ಸ್ಟೂಲಿನ ನಾಲ್ಕು ಕಾಲಿಗೂ ನೀರು ತುಂಬಿದ ಗೆರಟೆ. ಅದಿಲ್ಲದಿದ್ದರೆ ಇರುವೆಗಳಿಗೆ ಹಬ್ಬ.

ಹುಳಗಳು ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನುತ್ತವೆ ಅಂತ ಲೆಕ್ಕ. ಅಂದರೆ ಕಾಲು ಕಿಲೋ. ನಮ್ಮನೆಯಲ್ಲಿ ಬೀಳುವ ಕಸ ಅದಕ್ಕಿಂತ ಜಾಸ್ತಿ! ಹಾಗಾಗಿ ಆರಿಸಬೇಕಾಯಿತು. ಹಾಲು ಹಿಂಡಿ ಉಳಿದ ಕಾಯಿತುರಿ ಹಾಕುವುದಿಲ್ಲ, ಎಣ್ಣೆ ಅಂಶಕ್ಕೆ ಕಮಟು ವಾಸನೆ ಬರುತ್ತದೆ. ಹುಣಸೆ ಚರಟ, ಉಪ್ಪಿನಕಾಯಿ, ಬಂಗುಡೆ ತಲೆ, ಇವೆಲ್ಲ ತೆಂಗಿನ ಬುಡದ ಹೊಂಡಕ್ಕೆ. ಹುಳಕ್ಕೆ ಸೌತೆ ತಿರುಳು, ಬಸಳೆ ದಂಟು, ಬಾಳೆಹಣ್ಣಿನ ಸಿಪ್ಪೆ, ಸೋಸಿದ ಚಾ ಹುಡಿ.

ಇಷ್ಟು ಗೊತ್ತಿದ್ದೂ ಮೇ ತಿಂಗಳಲ್ಲಿ ಎಡವಿದೆ. ಬಂಧುಗಳ ಮನೆಯಿಂದ ದೊಡ್ಡ ಹಲಸು ಬಂತು. ಸೊಳೆ ಬಿಡಿಸಿ ಉಳಿದ ರೆಚ್ಚೆಯೇ ಒಂದು ಬುಟ್ಟಿ. ಹುಳಗಳಿಗೂ ಸಿಹಿ ಸಿಗಲಿ ಅಂತ ಅಷ್ಟನ್ನೂ ಸುರಿದೆ. ಮರುದಿನ ಸಂಜೆ ಕೈ ಹಾಕಿದರೆ ಒಳಗೆ ಬಿಸಿ, ಸ್ನಾನದ ನೀರಿನ ಹಾಗೆ. ಹುಳಿ ಹುಳಿ ವಾಸನೆ. ಡ್ರಮ್ಮಿನ ಗೋಡೆ ತುಂಬಾ ಹುಳಗಳು, ಕೆಲವು ನೆಲದ ಮೇಲೆ ಒಣಗಿ ದಾರವಾಗಿದ್ದವು. ಸಕ್ಕರೆ ಹುಳಿತು ಶಾಖ ಏಳುತ್ತದೆ, 35 ಡಿಗ್ರಿ ದಾಟಿದರೆ ಹುಳ ಉಳಿಯುವುದು ಕಷ್ಟ. ರಾತ್ರಿ ಟಾರ್ಚ್ ಹಿಡಿದು ರೆಚ್ಚೆಯನ್ನೆಲ್ಲ ಕೈಯಲ್ಲೇ ಎತ್ತಿ ಹಾಕಿದೆ. ಹಲಸಿನ ಮೇಣ ಬೇರೆ, ಕೈ ಬಿಡಲೊಲ್ಲದು. ಅರ್ಧದಷ್ಟು ಹುಳ ಉಳಿದಿರಬಹುದು.

ಈಗ ರೆಚ್ಚೆಯನ್ನು ಒಣ ಎಲೆಯ ಜೊತೆ ಬೇರೆ ಮಡಕೆಯಲ್ಲಿ ಹದಿನೈದು ದಿನ ಕೊಳೆಸುತ್ತೇನೆ. ಬಿಸಿ ಪೂರ್ತಿ ಆರಿದ ಮೇಲೆ ಒಂದೊಂದು ಹಿಡಿ, ಅದೂ ಒಂದೇ ಮೂಲೆಗೆ. ಬೇಡ ಅನಿಸಿದರೆ ಹುಳ ಇನ್ನೊಂದು ಮೂಲೆಗೆ ಹೋಗಬಹುದಲ್ವಾ?

ಮಳೆಗಾಲದ ಕಷ್ಟ ಬೇರೆ. ಮುಚ್ಚಳದ ಸಂದಿಯಿಂದ ನೀರು ಇಳಿದು ಒಳಗೆ ನಿಂತರೆ ಹುಳಗಳಿಗೆ ಉಸಿರು ಕಟ್ಟುತ್ತದೆ. ಅವು ಉಸಿರಾಡುವುದು ಚರ್ಮದಿಂದ. ಒಂದು ಹಳೆ ತಗಡು ಓರೆಯಾಗಿ ಇಟ್ಟ ಮೇಲೆ ಆ ತಲೆನೋವು ಹೋಯಿತು. ಊರಿಗೆ ಹೋಗಿ ಅಡುಗೆಮನೆ ಕಸ ಕಡಿಮೆಯಾದ ದಿನಗಳಿಗೆಂದೇ ಬೇಲಿಯಲ್ಲಿ ಗೊಬ್ಬರದ ಗಿಡ ನೆಟ್ಟಿದ್ದೇನೆ, ಗ್ಲಿರಿಸಿಡಿಯಾ. ಎಲೆಯನ್ನು ಹಸಿಯಾಗಿ ರಾಶಿ ಹಾಕಿದರೆ ಅದೂ ಬಿಸಿಯಾಗುತ್ತದೆ, ನಾಲ್ಕು ದಿನ ಬಾಡಿಸಬೇಕು. ಆದರೆ ಹುಳಕ್ಕೆ ನಿಜವಾಗಿ ಇಷ್ಟ ಗೊನೆ ಕಡಿದ ಬಾಳೆಯ ದಿಂಡು. ಸಣ್ಣಗೆ ಕೊಚ್ಚಿ ಹಾಕಿದರೆ ಪದರದ ನಡುವೆ ಮರಿಗಳು ಗುಂಪಾಗಿ ಕೂತಿರುತ್ತವೆ.

ಗೊಬ್ಬರ ಹೆಚ್ಚಾಗಿ ಬಸಳೆಗೆ, ಉಳಿದದ್ದು ಅಲಸಂಡೆಗೆ. ಮೊನ್ನೆ ಜರಡಿ ಹಿಡಿಯುವಾಗ ಹಲಸಿನ ಎರಡು ಬೀಜ ಮೊಳೆತದ್ದು ಸಿಕ್ಕಿತು. ಮಡಕೆಯಿಂದ ರೆಚ್ಚೆಯ ಜೊತೆ ಬಂದಿರಬೇಕು. ಐದು ಸೆಂಟ್ಸಿನಲ್ಲಿ ಹಲಸಿನ ಮರ ಎಲ್ಲಿ ನೆಡುವುದು? ಸದ್ಯಕ್ಕೆ ಎರಡೂ ಎಣ್ಣೆ ಡಬ್ಬಿಯಲ್ಲಿವೆ.